ಹೊರದೇಶದಲ್ಲಿ ಇದ್ದು ಬಂದವರೇ, ಮತ್ತೆ ಅಲ್ಲಿಗೆ ಹೋಗಬೇಕು ಅನಿಸುತ್ತದಾ?

ಸುತ್ತುರೈಲು

ಹೊರದೇಶದಲ್ಲಿ ಕೆಲವು ವರ್ಷ ಇದ್ದು ವಾಪಸ್ ಬಂದವರು ಇಲ್ಲಿ ಸುಮಾರು ಜನ ಇದ್ದೀರಿ. ಅದಕ್ಕೇ ಕೇಳುತ್ತಿದ್ದೇನೆ. ನಾನು ಮದುವೆಗೆ ಮುಂಚೆ ಕೆಲಸಕ್ಕೆ ಅಂತ ಬರ್ಲಿನ್‌ಗೆ ಹೋದವನು. ಮದುವೆಯಾದ ಮೇಲೆ ಸ್ವಲ್ಪ ಕಾಲ ಇಬ್ಬರೂ ಅಲ್ಲೇ ಇದ್ದೆವು, ಆಮೇಲೆ ಬಂದುಬಿಟ್ಟೆವು. ಬಂದು ಹತ್ತು ವರ್ಷದ ಮೇಲಾಯಿತು. ಇಲ್ಲಿ ಕೆಲಸ ಪರವಾಗಿಲ್ಲ, ಮನೆಯವರು ಹತ್ತಿರ ಇದ್ದಾರೆ, ದೂರುವಂಥದ್ದು ಏನೂ ಇಲ್ಲ. ಈಚೆಗೆ ಅಲ್ಲಿನ ಹಳೆಯ ಆಫೀಸಿನವರು "ಮತ್ತೆ ಬರ್ತೀಯಾ" ಅಂತ ಕೇಳಿದರು. ಆವತ್ತಿನಿಂದ ತಲೆ ಕೆಟ್ಟಿದೆ.

ವಿಚಿತ್ರ ಏನೆಂದರೆ ನನಗೆ ದೊಡ್ಡ ಜಾಗಗಳು ನೆನಪಾಗುವುದೇ ಇಲ್ಲ. ಬ್ರಾಂಡೆನ್‌ಬುರ್ಗ್ ಗೇಟ್ ಮುಂದೆ ನಿಂತ ಫೋಟೋ ಇದೆ, ನೋಡಿದರೆ ಏನೂ ಅನಿಸುವುದಿಲ್ಲ. ನೆನಪಾಗುವುದು ರಿಂಗ್‌ಬಾನ್. ಊರಿನ ಸುತ್ತ ಓಡುವ ರೈಲು ಅದು. ಎಸ್41 ಬಲಕ್ಕೆ ಸುತ್ತುತ್ತದೆ, ಎಸ್42 ಎಡಕ್ಕೆ. ಒಂದು ಸುತ್ತಿಗೆ ಒಂದು ಗಂಟೆ. ಅಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಹೊಸದರಲ್ಲಿ ನನಗೆ ಪರಿಚಯದವರೂ ಇರಲಿಲ್ಲ. ಹಾಗಾಗಿ ಸುಮ್ನೆ ರೈಲು ಹತ್ತಿ ಕೂತು, ಒಂದು ಸುತ್ತು ಹಾಕಿ, ಹತ್ತಿದ ಸ್ಟೇಷನ್ನಿನಲ್ಲೇ ಇಳಿಯುತ್ತಿದ್ದೆ. ಎಸ್42ರಲ್ಲಿ ಕೂತರೆ ಟೆಂಪಲ್‌ಹೋಫ್‌ನ ಹಳೆಯ ವಿಮಾನ ನಿಲ್ದಾಣದ ಬಯಲು ಕಾಣುತ್ತದೆ. 2008ರಲ್ಲಿ ಅಲ್ಲಿ ವಿಮಾನ ನಿಂತಿತು, 2010ರಲ್ಲಿ ಅದನ್ನು ಜನರಿಗೆ ಬಿಟ್ಟರು. ರನ್‌ವೇ ಮೇಲೆ ಮಕ್ಕಳು ಸೈಕಲ್ ಓಡಿಸುತ್ತಾರೆ. ಆಮೇಲೆ ಟ್ರೆಪ್ಟೋ ಪಾರ್ಕ್ ಬಿಟ್ಟು ಶ್ಪ್ರೇ ನದಿ ದಾಟುವಾಗ ಬೋಗಿಯಲ್ಲಿ ಇರುವ ಅರ್ಧ ಜನ ತಲೆ ಎತ್ತಿ ಹೊರಗೆ ನೋಡುತ್ತಾರೆ, ಮತ್ತೆ ತಲೆ ಬಗ್ಗಿಸುತ್ತಾರೆ. ಇದಕ್ಕಾಗಿ ಒಬ್ಬ ಮನುಷ್ಯ ಸಂಸಾರ ಎತ್ತಿಕೊಂಡು ಹೋಗುತ್ತಾನಾ, ನೀವೇ ಹೇಳಿ.

ಹೋಗಿ ನೋಡಿದವರು, ಹೋಗದೇ ಉಳಿದವರು ಇಬ್ಬರೂ ಬರೆಯಿರಿ. "ಮನಸ್ಸು ಹೇಳಿದ ಹಾಗೆ ಮಾಡಿ" ಅನ್ನುವ ಉತ್ತರ ಮಾತ್ರ ಬೇಡ. ಮನಸ್ಸು ಬೆಳಿಗ್ಗೆ ಒಂದು ಹೇಳುತ್ತದೆ, ಸಂಜೆ ಇನ್ನೊಂದು.

ಒಂದರ ತೋಪು

ನಾನು ಎಡಿನ್‌ಬರ್ಗ್‌ನಲ್ಲಿ ಓದಿ, ಅಲ್ಲೇ ಸ್ವಲ್ಪ ವರ್ಷ ಕೆಲಸ ಮಾಡಿ ಬಂದವಳು. ಅಲ್ಲಿನ ಕೋಟೆಯಿಂದ ದಿನಾ ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಒಂದು ತೋಪು ಹಾರಿಸುತ್ತಾರೆ, ಭಾನುವಾರ ಬಿಟ್ಟು. 1861ರಿಂದ ನಡೆದುಬಂದಿರುವ ಪದ್ಧತಿ. ಹಿಂದೆ ಬಂದರಿನ ಹಡಗುಗಳು ಅದನ್ನು ಕೇಳಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದವಂತೆ. ಹೋದ ಹೊಸದರಲ್ಲಿ ಪ್ರಿನ್ಸಸ್ ಸ್ಟ್ರೀಟ್‌ನಲ್ಲಿ ನಡೆಯುವಾಗ ಆ ಸದ್ದಿಗೆ ಬೆಚ್ಚಿ ಬೀಳುತ್ತಿದ್ದೆ. ಪಕ್ಕದವರು ಸುಮ್ನೆ ವಾಚ್ ನೋಡಿಕೊಂಡು ಹೋಗುತ್ತಿದ್ದರು. ಒಂದು ದಿನ ನಾನೂ ವಾಚ್ ನೋಡಿಕೊಂಡು ಮುಂದೆ ಹೋದೆ. ನಾನು ಆ ಊರಿನವಳಾಗಿದ್ದು ಆವತ್ತೇ ಅಂತ ಈಗಲೂ ಅಂದುಕೊಳ್ಳುತ್ತೇನೆ.

ಎಷ್ಟೋ ವರ್ಷದ ಮೇಲೆ ರಜೆಗೆ ಹೋದೆ. ಅದೇ ರಸ್ತೆ, ಅದೇ ಹೊತ್ತು. ತೋಪು ಹಾರಿತು, ಬೆಚ್ಚಿ ಬಿದ್ದೆ! ನಗು ಬಂತು, ಸ್ವಲ್ಪ ಬೇಜಾರೂ ಆಯಿತು.

ಇನ್ನೊಂದು ವಿಷಯ ಹೇಳಲೇಬೇಕು. ನನ್ನ ನೆನಪಿನ ಎಡಿನ್‌ಬರ್ಗ್‌ನಲ್ಲಿ ವರ್ಷವಿಡೀ ಜೂನ್. ರಾತ್ರಿ ಹತ್ತಾದರೂ ಬೆಳಕು, ಹುಲ್ಲಿನ ಮೇಲೆ ಕೂತ ಗೆಳತಿಯರು. ಡಿಸೆಂಬರ್‌ನಲ್ಲಿ ಅಲ್ಲಿ ಮಧ್ಯಾಹ್ನ ಮೂರೂವರೆ ದಾಟುತ್ತಿದ್ದ ಹಾಗೆ ಸೂರ್ಯ ಮುಳುಗುತ್ತಾನೆ, ಬೆಳಿಗ್ಗೆ ಎಂಟೂವರೆ ಆದರೂ ಹುಟ್ಟಿರುವುದಿಲ್ಲ. ಕತ್ತಲಲ್ಲಿ ಆಫೀಸಿಗೆ ಹೋಗಿ ಕತ್ತಲಲ್ಲೇ ಬರುತ್ತಿದ್ದೆ. ಆ ತಿಂಗಳುಗಳು ಎಲ್ಲಿ ಹೋದವೋ, ಎಷ್ಟು ತಡಕಿದರೂ ನೆನಪಿಗೆ ಬರುವುದಿಲ್ಲ. ಹಳೆಯ ಡೈರಿ ತೆಗೆದು ನೋಡಿದರೆ ಪುಟಗಟ್ಟಲೆ ಗೋಳು.

ಸುತ್ತುರೈಲು ಅವರೇ, ನಿಮ್ಮ ಹಳೆಯ ಮೇಲ್‌ಗಳನ್ನು ಒಮ್ಮೆ ಓದಿ. ಫೆಬ್ರವರಿಯಲ್ಲಿ ಬರೆದದ್ದನ್ನು.

ಹೊಸ್ತಿಲು

ಹೆಂಡತಿಯನ್ನು ಕೇಳಿದ್ರಾ?

ಮಧ್ಯರಾತ್ರಿ ಓದು

ಒಂದರ ತೋಪು ಮೇಡಂ ಹೇಳಿದ್ದಕ್ಕೆ ಸಂಶೋಧನೆಯ ಆಧಾರವೇ ಇದೆ. ಮಿಚೆಲ್, ಥಾಂಪ್ಸನ್ ಮತ್ತು ಅವರ ಜೊತೆಯವರು 1997ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಯುರೋಪ್ ಪ್ರವಾಸಕ್ಕೆ ಹೊರಟವರನ್ನು, ಕ್ಯಾಲಿಫೋರ್ನಿಯಾದಲ್ಲಿ ಮೂರು ವಾರ ಸೈಕಲ್ ತುಳಿದವರನ್ನು ಹೋಗುವ ಮುಂಚೆ, ಹೋದಾಗ, ಬಂದ ಮೇಲೆ ಕೇಳಿದರು. ಮುಂಚೆಯೂ ಖುಷಿ, ಆಮೇಲೂ ಖುಷಿ. ನಡುವೆ, ಅಂದರೆ ನಿಜವಾಗಿ ಅಲ್ಲಿ ಇದ್ದಾಗ, ಅಷ್ಟು ಖುಷಿ ಇಲ್ಲ. ಕಿರಿಕಿರಿಗಳು ಬೇಗ ಕಳಚಿ ಬೀಳುತ್ತವೆ, ಒಳ್ಳೆಯದು ಉಳಿಯುತ್ತದೆ.

ಇನ್ನೂ ಒಂದಿದೆ. ನಲವತ್ತು ದಾಟಿದವರನ್ನು ಜೀವನದ ನೆನಪು ಹೇಳಿ ಅಂದರೆ, ಹತ್ತರಿಂದ ಮೂವತ್ತು ವಯಸ್ಸಿನ ನಡುವಿನದ್ದೇ ಜಾಸ್ತಿ ಹೇಳುತ್ತಾರೆ. ರೂಬಿನ್ ಮತ್ತು ಜೊತೆಗಾರರು 1986ರಲ್ಲೇ ಇದನ್ನು ತೋರಿಸಿದ್ದರು. ಹೊರದೇಶಕ್ಕೆ ಹೋಗುವವರು ಹೆಚ್ಚಾಗಿ ಹೋಗುವುದೇ ಆ ವಯಸ್ಸಿನಲ್ಲಿ ಅಲ್ವಾ? ಮೊದಲ ಸಂಬಳ, ಮೊದಲ ಒಂಟಿ ಮನೆ ಎಲ್ಲ ಅಲ್ಲೇ. ಹಾಗಾಗಿ ಬರ್ಲಿನ್ ಕಾಡುತ್ತಿದೆಯೋ ಇಪ್ಪತ್ತೆಂಟು ವಯಸ್ಸು ಕಾಡುತ್ತಿದೆಯೋ ಅನ್ನುವುದನ್ನು ಬೇರೆ ಮಾಡಿ ನೋಡಬೇಕು.

ವಾಪಸ್ ಬಂದ ಮೇಲೆ ಆಗುವ ಸಂಕಟಕ್ಕೂ ಲೆಕ್ಕವಿದೆ. ಹೊರಗೆ ಹೋದವರ ಮನಸ್ಥಿತಿ ಮೇಲಿಂದ ಕೆಳಕ್ಕೆ ಬಿದ್ದು ಮತ್ತೆ ಏಳುತ್ತದೆ ಅಂತ ಲಿಸ್‌ಗಾರ್ಡ್ ಎಂಬ ನಾರ್ವೆಯವರು 1955ರಲ್ಲಿ ಹೇಳಿದರು. 1963ರಲ್ಲಿ ಗುಲಹಾರ್ನ್ ದಂಪತಿ, ಸ್ವಂತ ದೇಶಕ್ಕೆ ಮರಳಿದ ಮೇಲೆ ಇನ್ನೊಂದು ಸಲ ಬಿದ್ದು ಏಳುತ್ತದೆ ಅಂತ ಸೇರಿಸಿದರು. ಎಲ್ಲರಿಗೂ ಹೀಗೇ ಆಗುವುದಿಲ್ಲ ಅಂತ ಆಮೇಲೆ ಬಂದವರು ತಕರಾರು ತೆಗೆದಿದ್ದಾರೆ, ಅದೂ ಸರಿ.

ಕಾರ್ನಿಶ್

ಮಾರಾಯ್ರೇ, ಗಲ್ಫ್‌ನಲ್ಲಿ ಇದ್ದವರಿಗೆ ಈ ಪ್ರಶ್ನೆಯೇ ಬೇರೆ. ನಿಮ್ಮ ಬರ್ಲಿನ್, ಎಡಿನ್‌ಬರ್ಗ್‌ನಲ್ಲಿ ಊರು ಅಲ್ಲೇ ಇರುತ್ತದೆ, ಜನರೂ ಸ್ವಲ್ಪ ಮಟ್ಟಿಗೆ ಅಲ್ಲೇ ಇರುತ್ತಾರೆ. ನಾನು ಮಸ್ಕತ್‌ನಲ್ಲಿ ಇದ್ದವನು. ಅಲ್ಲಿ ನಮ್ಮಂಥ ಸಂಬಳದವರ ವಾಸಕ್ಕೆ ಕೆಲಸವೇ ಆಧಾರ. ಕೆಲಸ ಮುಗಿಯಿತು ಅಂದರೆ ಊರೂ ಮುಗಿಯಿತು. ಇಪ್ಪತ್ತು ವರ್ಷ ಇದ್ದವರೂ ಹಾಗೇ ಹೊರಡುತ್ತಾರೆ.

ಹಿಂದೆ ಇನ್ನೊಂದು ಕಾಟ ಇತ್ತು. ಕಂಪನಿಯವರು ಎನ್‌ಒಸಿ (ನಮ್ಮ ಆಕ್ಷೇಪ ಇಲ್ಲ ಅನ್ನುವ ಪತ್ರ) ಕೊಡದೆ ಇದ್ದರೆ, ಬಿಟ್ಟು ಹೋದವನು ಎರಡು ವರ್ಷ ಬೇರೆ ಕೆಲಸಕ್ಕೆ ಅಲ್ಲಿಗೆ ಬರುವ ಹಾಗಿರಲಿಲ್ಲ. 2021ರ ಜನವರಿಯಲ್ಲಿ ಅದನ್ನು ತೆಗೆದರು. ನಾನು ಬಿಟ್ಟದ್ದು ಅದಕ್ಕಿಂತ ಮುಂಚೆ. ಎನ್‌ಒಸಿ ಕೊಡಿ ಅಂತ ಎಚ್‌ಆರ್ ಬಾಗಿಲಲ್ಲಿ ನಿಂತದ್ದು ಈಗಲೂ ಕನಸಿನಲ್ಲಿ ಬರುತ್ತದೆ. ಕೊಡಲಿಲ್ಲ.

ಆದರೂ ಒಂದು ಸಲ ಹೋದೆ, ಟೂರಿಸ್ಟ್ ವೀಸಾದಲ್ಲಿ. ಇಳಿದದ್ದು 2018ರಲ್ಲಿ ಶುರುವಾದ ಹೊಸ ಟರ್ಮಿನಲ್‌ನಲ್ಲಿ, ಅದನ್ನು ನಾನು ನೋಡಿರಲೇ ಇಲ್ಲ. ಮುತ್ರಾದ ಕಡಲಂಚಿನ ರಸ್ತೆ, ಅಂದರೆ ಕಾರ್ನಿಶ್‌ಗೆ ಹೋದೆ. ಸಮುದ್ರ, ಬಿಳಿ ಮನೆಗಳು, ರಿಯಾಮ್ ಗುಡ್ಡದ ಮೇಲಿನ ದೊಡ್ಡ ಧೂಪದಾನಿ, ಎಲ್ಲ ಇದ್ದ ಹಾಗೇ ಇತ್ತು. ಸಂಜೆ ನಾನು ಮೊದಲು ಇದ್ದ ಕಟ್ಟಡದ ಕಡೆ ನಡೆದೆ. ಆ ಕಟ್ಟಡದಲ್ಲಿ ಮೂರು ಮಹಡಿ ತುಂಬ ನಮ್ಮವರೇ ಇದ್ದರು. ಒಬ್ಬರಿಗೆ ಮಗು ಹುಟ್ಟಿದರೆ ಎಲ್ಲರ ಮನೆ ಬಾಗಿಲೂ ತೆರೆಯುತ್ತಿತ್ತು. ಈಗ ಬೆಲ್ ಪಟ್ಟಿಯಲ್ಲಿ ಒಂದು ಹೆಸರೂ ಗೊತ್ತಿಲ್ಲ. ವಾಚ್‌ಮನ್ ಹೊಸಬ, "ಯಾರು ಬೇಕು" ಅಂದ. ಯಾರು ಬೇಕು ಅಂತ ಹೇಳುವುದು? ಆ ಮೂರು ಮಹಡಿಯವರಲ್ಲಿ ಕೆಲವರು ಊರಿಗೆ ಹೋದರು, ಕೆಲವರು ದೋಹಾಗೆ, ಒಂದಿಬ್ಬರು ಈಗ ಇಲ್ಲ. ಅವರನ್ನೆಲ್ಲ ನೋಡಬೇಕಾದರೆ ಮಸ್ಕತ್‌ಗೆ ಹೋಗಿ ಪ್ರಯೋಜನ ಇಲ್ಲ. ವಾಟ್ಸಾಪ್ ಗುಂಪೇ ನಮ್ಮ ಮಸ್ಕತ್.

ಹಾಗಾಗಿ ಹೋಗುವ ಮುಂಚೆ ಒಂದು ಕೆಲಸ ಮಾಡಿ. ಅಲ್ಲಿ ನಿಮಗೆ ಗೊತ್ತಿದ್ದವರಲ್ಲಿ ಎಷ್ಟು ಜನ ಇನ್ನೂ ಅಲ್ಲೇ ಇದ್ದಾರೆ ಅಂತ ಕಾಗದದ ಮೇಲೆ ಬರೆಯಿರಿ.

ಹೊಸ್ತಿಲು

ನಾನು ಕೇಳಿದ್ದಕ್ಕೆ ಉತ್ತರ ಬರಲಿಲ್ಲ, ನಾನೇ ಬರೆಯುತ್ತೇನೆ.

ನನ್ನ ಗಂಡನಿಗೂ ಇದೇ ಹುಚ್ಚು. ನಾವು ಇದ್ದದ್ದು ಮಿನಿಯಾಪೊಲಿಸ್‌ನಲ್ಲಿ. ಅಲ್ಲಿ ಡೌನ್‌ಟೌನ್ ಕಟ್ಟಡಗಳನ್ನು ಎರಡನೇ ಮಹಡಿಯಲ್ಲಿ ಗಾಜಿನ ಸೇತುವೆಗಳಿಂದ ಜೋಡಿಸಿದ್ದಾರೆ. ಸ್ಕೈವೇ ಅನ್ನುತ್ತಾರೆ, 1962ರಿಂದ ಕಟ್ಟುತ್ತಾ ಬಂದದ್ದು. ಹೊರಗೆ ಮೈನಸ್ ಇಪ್ಪತ್ತು ಇದ್ದರೂ ಇವರು ಬರೀ ಶರ್ಟ್‌ನಲ್ಲಿ ಆಫೀಸು, ಜಿಮ್ಮು ಸುತ್ತಿ ಬರುತ್ತಿದ್ದರು. "ಎಂಥಾ ಊರು!" ಅಂತ ಈಗಲೂ ನೆಂಟರ ಮುಂದೆ ಹೇಳುತ್ತಾರೆ.

ನಾನು ಎಚ್-4 ವೀಸಾದಲ್ಲಿ ಹೋಗಿದ್ದೆ, ಅಂದರೆ ಅಲ್ಲಿ ಕೆಲಸಕ್ಕೆ ಹೋದವರ ಹೆಂಡತಿಗೆ ಸಿಗುವ ವೀಸಾ. ಆಗ ಎಚ್-4ನವರು ಕೆಲಸ ಮಾಡುವಂತಿರಲಿಲ್ಲ. 2015ರ ಮೇ ತಿಂಗಳಲ್ಲಿ ನಿಯಮ ಸಡಿಲವಾಯಿತು, ಅದೂ ಎಲ್ಲರಿಗಲ್ಲ, ಗಂಡನ ಗ್ರೀನ್ ಕಾರ್ಡ್ ಕಡತ ಒಂದು ಹಂತ ದಾಟಿದವರಿಗೆ. ನಾನು ಎಂಜಿನಿಯರ್, ಮದುವೆಗೆ ಮುಂಚೆ ತಂಡ ನಡೆಸುತ್ತಿದ್ದವಳು. ಅಲ್ಲಿ ನನ್ನ ದಿನ ಅಂದರೆ ಊರಾಚೆಯ ಅಪಾರ್ಟ್‌ಮೆಂಟ್, ಕಿಟಕಿ, ಹಿಮ ತೆಗೆಯುವ ಗಾಡಿಯ ಸದ್ದು. ಕಾರು ಅವರ ಹತ್ತಿರ. ನಾನು ಆ ಸ್ಕೈವೇ ನೋಡಿದ್ದು ನೆಂಟರು ಬಂದಾಗ, ಅವರಿಗೆ ತೋರಿಸಲು ಕರೆದುಕೊಂಡು ಹೋದಾಗ.

ಒಂದೇ ಮನೆ, ಒಂದೇ ವರ್ಷಗಳು. ಅವರು ಆಲ್ಬಮ್ ತೆಗೆದರೆ ನಾನು ಎದ್ದು ಹೋಗುತ್ತೇನೆ. ಅವರ ಮೇಲೆ ಸಿಟ್ಟಿಲ್ಲ, ಅವರು ಸುಳ್ಳು ಹೇಳುತ್ತಿಲ್ಲ. ಅವರ ಊರು ಬೇರೆ ಇತ್ತು, ನನ್ನದು ಬೇರೆ ಇತ್ತು. ಅದಕ್ಕೇ ಕೇಳಿದೆ, ನಿಮ್ಮ ಮನೆಯಲ್ಲಿ ಕೇಳಿದ್ರಾ ಅಂತ.

ಸುತ್ತುರೈಲು

@ಹೊಸ್ತಿಲು, ಕೇಳಿದ್ದೇನೆ ಮೇಡಂ, ಆದರೆ ನೀವು ಕೇಳಿದ ರೀತಿಯಲ್ಲಿ ಅಲ್ಲ. "ಆಫರ್ ಬಂದಿದೆ, ಏನಂತೀಯಾ" ಅಂದಿದ್ದೆ. ಅವಳು "ನೋಡೋಣ" ಅಂದಳು. ಇವತ್ತು ಕೂತು ಬೇರೆ ಥರ ಕೇಳುತ್ತೇನೆ.

ಸೂಟ್‌ಕೇಸ್

ಎಲ್ಲರೂ ಸೇರಿ ಹೆದರಿಸುತ್ತಿದ್ದೀರಿ, ನಾನು ಸ್ವಲ್ಪ ಉಲ್ಟಾ ಹೇಳುತ್ತೇನೆ. ನಾನು ನಿಜವಾಗಿ ವಾಪಸ್ ಹೋದವನು. ಈಗ ಹ್ಯಾಲಿಫ್ಯಾಕ್ಸ್‌ನಿಂದ ಬರೆಯುತ್ತಿದ್ದೇನೆ.

ಮೊದಲ ಸಲ ಟೊರಾಂಟೊದಲ್ಲಿ ಇದ್ದೆ. ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ ಸಿಕ್ಕಿತು, ಅಪ್ಪನಿಗೆ ಹುಷಾರಿಲ್ಲ ಅಂತ ಬಂದೆ. ಕೆನಡಾದ ನಿಯಮ ಗೊತ್ತಲ್ಲ, ಐದು ವರ್ಷದಲ್ಲಿ 730 ದಿನ ಅಲ್ಲಿ ಇರಬೇಕು. ಕೊನೆಕೊನೆಗೆ ದಿನ ಎಣಿಸುವುದೇ ಕೆಲಸವಾಗಿತ್ತು. ಹೋಗಬೇಕೋ ಬೇಡವೋ ಅಂತ ತೀರ್ಮಾನ ಮಾಡದೆ ಕೂತರೆ ಕಾರ್ಡೇ ನಿಮ್ಮ ಪರವಾಗಿ ತೀರ್ಮಾನ ಮಾಡಿಬಿಡುತ್ತದೆ. ಬ್ರಿಟನ್‌ನಲ್ಲಿ ಐಎಲ್‌ಆರ್ (ಅಲ್ಲಿನ ಕಾಯಂ ಪರವಾನಗಿ) ಇದ್ದವರು ಸಾಮಾನ್ಯವಾಗಿ ಎರಡು ವರ್ಷಕ್ಕಿಂತ ಹೆಚ್ಚು ಹೊರಗೆ ಇದ್ದರೆ ಅದು ಹೋಗುತ್ತದೆ. ಜರ್ಮನಿಯ ಕಾಯಂ ಪರವಾನಗಿಗೆ ಆ ಮಿತಿ ಸಾಮಾನ್ಯವಾಗಿ ಬರೀ ಆರು ತಿಂಗಳು. ನೆನಪಿಗೆ ಅವಧಿ ಇಲ್ಲ, ಕಾಗದಕ್ಕೆ ಇದೆ.

ಎರಡನೇ ಸಲ ಹೊರಟಾಗ ಗೆಳೆಯರೆಲ್ಲ ಟೊರಾಂಟೊಗೇ ಬಾ ಅಂದರು. ಬೇಕೆಂದೇ ಬೇರೆ ಊರು ಆರಿಸಿಕೊಂಡೆ. ಹಳೆಯ ಊರಿಗೆ ಹೋಗಿದ್ದರೆ ಪ್ರತಿ ತಿರುವಿನಲ್ಲೂ "ಆಗ ಹೀಗಿತ್ತು" ಅಂತ ಹೋಲಿಸುತ್ತಾ ಇರುತ್ತಿದ್ದೆ, ಅದು ನನಗೆ ಗೊತ್ತು. ಹ್ಯಾಲಿಫ್ಯಾಕ್ಸ್‌ನಲ್ಲಿ ಹೋಲಿಸಲು ಏನೂ ಇರಲಿಲ್ಲ. ಕೆಲಸಕ್ಕೆ ಡಾರ್ಟ್‌ಮತ್‌ನಿಂದ ದೋಣಿಯಲ್ಲಿ ಬಂದರು ದಾಟಿ ಹೋಗುತ್ತೇನೆ. 1752ರಿಂದ ಓಡುತ್ತಿರುವ ಫೆರಿ ಅದು. ಮಂಜು ಕವಿದ ದಿನ ಎದುರಿನ ದಡ ಕಾಣುವುದಿಲ್ಲ, ಸೈರನ್ ಮಾತ್ರ ಕೇಳುತ್ತದೆ. ದೇಶದ ವ್ಯವಸ್ಥೆ ಗೊತ್ತಿತ್ತು, ಬ್ಯಾಂಕು, ಟ್ಯಾಕ್ಸು, ಡಾಕ್ಟರು ಯಾವುದಕ್ಕೂ ಪರದಾಡಲಿಲ್ಲ. ಊರು ಮಾತ್ರ ಹೊಸದು. ನನಗೆ ಇದು ಸರಿಹೋಯಿತು.

ಕಷ್ಟ ಇಲ್ಲ ಅಂತಲ್ಲ. ಅಮ್ಮ ಒಬ್ಬರೇ ಇದ್ದಾರೆ. ರಾತ್ರಿ ಫೋನ್ ಬಂದರೆ ಎದೆ ಹಾರುತ್ತದೆ. ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ, ಯಾರ ಹತ್ತಿರವೂ ಇರುವ ಹಾಗೆ ಕಾಣುವುದಿಲ್ಲ.

ಬೆಟ್ಟದ ಕಡೆ

ಮಕ್ಕಳ ವಿಷಯ ಯಾರೂ ಎತ್ತಲಿಲ್ಲ.

ನಾವು ಜಪಾನಿನ ಕೋಬೆಯಲ್ಲಿ ಇದ್ದೆವು. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಸಮುದ್ರ, ನಡುವೆ ಉದ್ದಕ್ಕೆ ಊರು. ಅಲ್ಲಿ ಉತ್ತರ, ದಕ್ಷಿಣ ಅನ್ನುವುದಕ್ಕಿಂತ ಬೆಟ್ಟದ ಕಡೆ, ಸಮುದ್ರದ ಕಡೆ ಅಂತಲೇ ದಾರಿ ಹೇಳುತ್ತಾರೆ. ಮಗಳು ಅಲ್ಲಿನ ಶಿಶುವಿಹಾರಕ್ಕೆ ಹೋಗಿ ಎಷ್ಟು ಚೆನ್ನಾಗಿ ಜಪಾನಿ ಮಾತಾಡುತ್ತಿದ್ದಳು ಅಂದರೆ, ನಗರಸಭೆ ಕಚೇರಿಯಲ್ಲಿ ನಮಗೆ ತಡವರಿಸಿದರೆ ಅವಳೇ ಬಾಯಿ ಹಾಕುತ್ತಿದ್ದಳು. ವಾಪಸ್ ಬಂದೆವು. ಮೊದಲು ಗೊಂಬೆಗಳ ಜೊತೆ ಮಾತ್ರ ಜಪಾನಿ ಮಾತಾಡುತ್ತಿದ್ದಳು. ಆಮೇಲೆ ಗೊಂಬೆಗಳಿಗೂ ಕನ್ನಡ ಬಂತು. ಕೆಲವು ವರ್ಷದ ಮೇಲೆ ಅವಳನ್ನು ಕರೆದುಕೊಂಡು ಹೋದಾಗ ಹಳೆಯ ಟೀಚರ್ ಮೊಣಕಾಲೂರಿ ಅವಳ ಮುಖದ ಹತ್ತಿರ ಬಂದು ಏನೋ ಕೇಳಿದರು. ಮಗಳು ನನ್ನ ಮುಖ ನೋಡಿದಳು. ನಾನು ನನ್ನ ಹರಕು ಜಪಾನಿ ಇಟ್ಟುಕೊಂಡೇ ಅವಳಿಗೆ ಕನ್ನಡದಲ್ಲಿ ಅನುವಾದ ಮಾಡಿದೆ.

ಮತ್ತೆ ಹೋಗುವ ಯೋಚನೆ ನಮಗೂ ಇತ್ತು. ಆ ದಿನದ ಮೇಲೆ ಬಿಟ್ಟೆವು. ನಮಗೆ ಅದು ಹಳೆಯ ಊರು, ಅವಳಿಗೆ ಪೂರ್ತಿ ಹೊಸ ದೇಶ.

ಜಪಾನ್‌ನಿಂದ ಬರುವವರಿಗೆ ಒಂದು ಮಾತು. ಪಿಂಚಣಿಗೆ ಕಟ್ಟಿದ್ದರಲ್ಲಿ ಒಂದು ಭಾಗವನ್ನು ದೇಶ ಬಿಟ್ಟ ಎರಡು ವರ್ಷದೊಳಗೆ ಕೇಳಿ ಪಡೆಯಬಹುದು. ಆದರೆ ಪಡೆದರೆ ಆ ವರ್ಷಗಳ ಲೆಕ್ಕ ಅಳಿಸಿಹೋಗುತ್ತದೆ. ಮತ್ತೆ ಹೋಗುವ ಆಸೆ ಸ್ವಲ್ಪವಾದರೂ ಇದ್ದರೆ ಯೋಚಿಸಿ ಅರ್ಜಿ ಹಾಕಿ.

ಮಧ್ಯರಾತ್ರಿ ಓದು

ಗೊಂಬೆಗಳಿಗೂ ಕನ್ನಡ ಬಂತು ಅನ್ನುವಲ್ಲಿ ನಿಂತೆ. ನನ್ನ ಸಂಶೋಧನೆ ಪುರಾಣ ಅದರ ಮುಂದೆ ಸಪ್ಪೆ.

ಸುತ್ತುರೈಲು

ಎಲ್ಲರಿಗೂ ಥ್ಯಾಂಕ್ಸ್. ಹೇಳಿದ್ದರಲ್ಲಿ ಕೆಲವು ಮಾಡಿದೆ.

ಕಾರ್ನಿಶ್ ಸರ್ ಹೇಳಿದ ಪಟ್ಟಿ ಬರೆದೆ. ಆಫೀಸಿನ ಒಂದಿಬ್ಬರು ಬಿಟ್ಟರೆ ಬರ್ಲಿನ್‌ನಲ್ಲಿ ಯಾರೂ ಉಳಿದಿಲ್ಲ. ನಾನು ಮೊದಲ ಸಲ ಇಳಿದ ಟೇಗಲ್ ವಿಮಾನ ನಿಲ್ದಾಣವೂ ಇಲ್ಲ, 2020ರ ನವೆಂಬರ್‌ನಲ್ಲಿ ಮುಚ್ಚಿದರು. ಆರು ಮೂಲೆಯ ಕಟ್ಟಡ, ಟ್ಯಾಕ್ಸಿ ಇಳಿದು ನಾಲ್ಕು ಹೆಜ್ಜೆ ಇಟ್ಟರೆ ಗೇಟ್ ಸಿಗುತ್ತಿತ್ತು. ಹಳೆಯ ಮೇಲ್‌ಗಳನ್ನೂ ತೆಗೆದೆ. ಒಂದು ಫೆಬ್ರವರಿಯಲ್ಲಿ ಅಣ್ಣನಿಗೆ ಬರೆದಿದ್ದೇನೆ, "ಈ ಊರಲ್ಲಿ ಬೂದು ಬಣ್ಣ ಬಿಟ್ಟು ಬೇರೇನೂ ಇಲ್ಲ, ಬಂದುಬಿಡುತ್ತೇನೆ" ಅಂತ. ನನ್ನ ಕೈಯಲ್ಲೇ ಬರೆದದ್ದು, ಓದುವಾಗ ಬೇರೆ ಯಾರದ್ದೋ ಅನಿಸಿತು.

ಹೆಂಡತಿಯ ಜೊತೆ ಕೂತು ಮಾತಾಡಿದೆ. ಅವಳಿಗೆ ಅಲ್ಲಿ ಇಷ್ಟವಾಗಿದ್ದೇನು ಗೊತ್ತಾ? ರಾತ್ರಿ ಹನ್ನೊಂದಕ್ಕೆ ಒಬ್ಬಳೇ ಬಸ್ಸಿನಲ್ಲಿ ಮನೆಗೆ ಬರುವುದು. ಇಷ್ಟವಾಗದ್ದು ಮನೆ ಹುಡುಕಾಟ. ಒಂದು ಮನೆ ನೋಡಲು ಮೆಟ್ಟಿಲ ತನಕ ಕ್ಯೂ ನಿಂತು, ಸಂಬಳದ ಚೀಟಿ, ಶೂಫಾ (ಸಾಲ ತೀರಿಸಿದ ದಾಖಲೆಯ ವರದಿ) ಎಲ್ಲ ಕೊಟ್ಟು, ಆಮೇಲೆ ಉತ್ತರವೇ ಬರುತ್ತಿರಲಿಲ್ಲ. ಈಗ ಅದು ಇನ್ನೂ ಕೆಟ್ಟಿದೆಯಂತೆ. ಬಾಡಿಗೆಗೆ ಮಿತಿ ಹಾಕುವ ಕಾನೂನು 2020ರಲ್ಲಿ ತಂದಿದ್ದರು, 2021ರಲ್ಲಿ ಅಲ್ಲಿನ ಸಂವಿಧಾನ ಕೋರ್ಟ್ ಅದನ್ನು ರದ್ದು ಮಾಡಿತು. ಅವಳ ಮಾತು ಇಷ್ಟು: "ಹೋಗುವುದಾದರೆ ಮೊದಲು ಕೆಟ್ಟ ತಿಂಗಳಲ್ಲಿ ಹೋಗಿ ನೋಡೋಣ."

ಹಾಗಾಗಿ ನವೆಂಬರ್‌ನಲ್ಲಿ ಒಂದು ತಿಂಗಳು ಹೋಗುತ್ತಿದ್ದೇನೆ. ಹೋಟೆಲಲ್ಲ, ಮನೆ. ಬಟ್ಟೆ ಒಗೆಯಬೇಕು, ಕಸ ಬೇರೆ ಮಾಡಬೇಕು, ಬೆಳಿಗ್ಗೆ ರಶ್‌ನಲ್ಲಿ ಹೋಗಬೇಕು. ಇಲ್ಲಿನ ಆಫೀಸ್ ಕೆಲಸವನ್ನು ಲ್ಯಾಪ್‌ಟಾಪ್‌ನಲ್ಲಿ ಅಲ್ಲಿಂದಲೇ ಮಾಡುವ ಯೋಚನೆ.

ಸೂಟ್‌ಕೇಸ್

ಒಂದು ನಿಮಿಷ ಗುರುಗಳೇ. ಯುರೋಪಿನ ಷೆಂಗೆನ್ ಟೂರಿಸ್ಟ್ ವೀಸಾ ಕೆಲಸ ಮಾಡಲು ಕೊಡುವುದಲ್ಲ. ಕಂಪನಿ ಬೇರೆ ದೇಶದ್ದಾದರೂ ಕೂತು ಮಾಡುವುದು ಅಲ್ಲೇ ತಾನೇ? ರಜೆ ಹಾಕಿ ಹೋಗಿ. 180 ದಿನದಲ್ಲಿ 90 ದಿನದ ಮಿತಿ ಇದೆ, ನಿಮಗೆ ಅದು ಸಾಕಾಗುತ್ತದೆ.

ಒಂದರ ತೋಪು

ನವೆಂಬರ್ ಒಳ್ಳೆಯ ಆಯ್ಕೆ. ಮಕ್ಕಳಿದ್ದಾರಾ? ಇದ್ದರೆ ಯಾವ ಕ್ಲಾಸ್?

ಸುತ್ತುರೈಲು

@ಸೂಟ್‌ಕೇಸ್, ಸರಿ. ರಜೆ ಕೇಳಿದ್ದೇನೆ, ಸಂಬಳವಿಲ್ಲದ ರಜೆಯೂ ಸೇರಿಸಿ ಸಿಗಬಹುದು. ಅಲ್ಲಿ ವಿಳಾಸ ನೋಂದಣಿ ಮಾಡಿಸಬೇಕಾ ಅಂತ ವಿಚಾರಿಸಿದೆ, ಹೊರದೇಶದಿಂದ ಬರುವವರು ಮೂರು ತಿಂಗಳ ಒಳಗೆ ಹೊರಡುವುದಾದರೆ ಬೇಕಿಲ್ಲ.

@ಒಂದರ ತೋಪು, ಒಬ್ಬ ಮಗ, ನಾಲ್ಕನೇ ಕ್ಲಾಸ್. ಬೆಟ್ಟದ ಕಡೆಯವರು ಬರೆದದ್ದು ಓದಿ ಅವನ ಬಗ್ಗೆಯೇ ಜಾಸ್ತಿ ಯೋಚನೆ. ಬರ್ಲಿನ್‌ನಲ್ಲಿ ಪ್ರೈಮರಿ ಆರನೇ ಕ್ಲಾಸ್ ತನಕ ಇದೆ, ಜರ್ಮನಿಯ ಹೆಚ್ಚಿನ ರಾಜ್ಯಗಳ ಹಾಗೆ ನಾಲ್ಕಕ್ಕೇ ಮುಗಿಯುವುದಿಲ್ಲ. ಭಾಷೆ ಬಾರದ ಮಕ್ಕಳಿಗೆ ಸ್ವಾಗತ ತರಗತಿ ಅಂತ ಬೇರೆ ಇರುತ್ತದೆ. ಹೋದಾಗ ಒಂದೆರಡು ಶಾಲೆಗೆ ಹೋಗಿ ಕೇಳಿ ಬರಬೇಕು. ಕೊನೆಯ ವಾರ ಹೆಂಡತಿ, ಮಗ ಇಬ್ಬರೂ ಬರುತ್ತಾರೆ. ಆಫೀಸಿನವರಿಗೆ ಜನವರಿ ತನಕ ಟೈಮ್ ಕೇಳಿದೆ, ಒಪ್ಪಿದ್ದಾರೆ.

ಬರ್ಲಿನ್‌ನ ವೆಡ್ಡಿಂಗ್ ಅಥವಾ ಪಾಂಕೋ ಬಡಾವಣೆ ಕಡೆ ನವೆಂಬರ್‌ಗೆ ಒಂದು ತಿಂಗಳ ಮಟ್ಟಿಗೆ ಮನೆ ಬಿಟ್ಟುಕೊಡುವವರು ಯಾರಾದರೂ ಗೊತ್ತಿದ್ದರೆ ಮೆಸೇಜ್ ಮಾಡಿ. ವಾಷಿಂಗ್ ಮಷೀನ್ ಇದ್ದರೆ ಸಾಕು.